ಸಾಕ್ಷಿಗೆ ಸಾಕ್ಷಿ ಬೇಕೆ?

ಮೊನ್ನೆ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು, ‘ನೋಡುವವನಿಲ್ಲದೆ ಜಗತ್ತಿಲ್ಲವೆಂದು ಕ್ವಾಂಟಂ ವಿಜ್ಞಾನವೇ ಒಪ್ಪಿದೆ, ನಮ್ಮ ವೇದಾಂತದ ಸಾಕ್ಷಿ ಇವನೇ’ ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ! ನಾನು ಭೌತವಿಜ್ಞಾನಿಯಲ್ಲ, ಕನ್ನಡದ ಮೇಷ್ಟ್ರು. ಆದರೆ ತಕರಾರು ಶಬ್ದಾರ್ಥದ್ದಾದುದರಿಂದ ಬಾಯಿ ತೆರೆಯುವ ಅಧಿಕಾರ ನನಗೂ ಉಂಟು.

ವಿಜ್ಞಾನಿಗಳ ‘ವೀಕ್ಷಣೆ’ಯೆಂದರೆ ಕಣ್ಣುಬಿಟ್ಟು ನೋಡುವುದಲ್ಲ. 2004ರಲ್ಲಿ ವಿಯೆನ್ನಾದ ವಿಜ್ಞಾನಿಗಳು 70 ಇಂಗಾಲ ಪರಮಾಣುಗಳುಳ್ಳ ಅಣುಗಳನ್ನು ಸೂಕ್ಷ್ಮ ಸೀಳುಗಳಲ್ಲಿ ಹಾಯಿಸಿದರು. ಅವು ಅಲೆಗಳಂತೆ ವ್ಯತಿಕರಣ ತೋರಿದವು. ಹೆಚ್ಚು ಹೆಚ್ಚು ಕಾಸಿದಂತೆ ಅಣುಗಳು ತಾವೇ ಬೆಳಕು ಸೂಸಿ, ತಮ್ಮ ಜಾಡಿನ ಸುಳಿವನ್ನು ಹೊರಕ್ಕೆ ಬಿಟ್ಟುಕೊಟ್ಟವು. ಅಲೆಯ ಗುರುತು ಮಾಸಿಹೋಯಿತು. ಆ ಬೆಳಕನ್ನು ಯಾರೂ ಹಿಡಿದು ನೋಡಬೇಕಾಗಿರಲಿಲ್ಲ.

1961ರಲ್ಲಿ ಪ್ರಜ್ಞೆಗೆ ಪಟ್ಟ ಕಟ್ಟಿದ್ದ ವಿಗ್ನರ್ ಕೂಡ ಮುಂದೆ ಆ ವಾದವನ್ನು ಕೈಬಿಟ್ಟರು. ಇನ್ನು ಶ್ರೋಡಿಂಗರರ ಬೆಕ್ಕು: ಸ್ವತಃ ವೇದಾಂತಪ್ರಿಯರಾದ ಅವರು 1935ರಲ್ಲಿ ಅದನ್ನು ಕಲ್ಪಿಸಿದ್ದು ಇಂಥ ತೀರ್ಮಾನಗಳ ವಿಪರೀತವನ್ನು ಎತ್ತಿ ತೋರಿಸಲೆಂದು. ನಮ್ಮವರು ಅದಕ್ಕೇ ಮಂಗಳಾರತಿ ಎತ್ತುತ್ತಿದ್ದಾರೆ.

ಹಾಗೆಂದು ಒಗಟು ಪೂರ್ತಿ ಬಿಡಿಸಿತೆಂದಲ್ಲ. ಹಲವು ಸಾಧ್ಯತೆಗಳಲ್ಲಿ ಒಂದೇ ಏಕೆ ನಮ್ಮ ಅನುಭವಕ್ಕೆ ಬರುತ್ತದೆಂಬುದರಲ್ಲಿ ಪಂಡಿತರಿಗೆ ಇಂದಿಗೂ ಒಮ್ಮತವಿಲ್ಲ. ಆ ಸಂದಿನಲ್ಲೇ ನಮ್ಮ ಭಾಷಣಕಾರರು ನುಸುಳುವುದು.

ಹೋಗಲಿ, ವೇದಾಂತಕ್ಕಾದರೂ ನ್ಯಾಯ ಸಂದಿತೆ? ಅದ್ವೈತದ ಸಾಕ್ಷಿ ಅಕರ್ತೃ. ಬೆಳಗುತ್ತಾನೆಯೇ ಹೊರತು ಏನನ್ನೂ ಮಾಡುವವನಲ್ಲ. ಪ್ರಯೋಗಶಾಲೆಯ ಮಾಪನವೋ, ತಾನು ಅಳೆಯುವ ವಸ್ತುವಿನೊಡನೆ ತೊಡರಿಕೊಂಡೇ ಅಳೆಯುತ್ತದೆ. ಈ ಇಬ್ಬರಿಗೂ ಒಂದೇ ಹೆಸರಿಟ್ಟವರು ಎರಡು ಶಾಸ್ತ್ರಗಳನ್ನೂ ಓದಿದಂತಿಲ್ಲ. ಅಷ್ಟಕ್ಕೂ ಶಂಕರರ ಭಾಷ್ಯಕ್ಕೆ ಪ್ರಯೋಗಶಾಲೆಯ ಸರ್ಟಿಫಿಕೇಟು ಬೇಕಾದದ್ದು ಯಾವಾಗಿನಿಂದ?