ಗೊಂಬೆಗಳ ಊರಿನಲ್ಲಿ ಇಳಿಯಿರಿ

ಹೋದ ತಿಂಗಳು ನನ್ನ ಮಗ, ಸೊಸೆ, ಮೊಮ್ಮಗಳು ಬಾಲಿಗೆ ಹೋಗಿ ಬಂದರು. ಇಂಡೊನೇಷ್ಯಾ ದೇಶದ ಒಂದು ಪುಟ್ಟ ದ್ವೀಪ ಅದು. ಅಲ್ಲಿ ಉಬುದ್ ಅಂತ ಒಂದು ಊರಿದೆ. ಊರ ತುಂಬ ಚಿತ್ರ ಬರೆಯುವವರು, ಕುಣಿಯುವವರು, ವಾದ್ಯ ನುಡಿಸುವವರು. ಪಕ್ಕದ ಮಾಸ್ ಹಳ್ಳಿಯಲ್ಲಿ ಮರದ ಕೆತ್ತನೆ, ಚೆಲುಕ್ ಹಳ್ಳಿಯಲ್ಲಿ ಬೆಳ್ಳಿ ಕೆಲಸ. ಸಂಜೆಯಾದರೆ ರಾಮಾಯಣದ ಕಥೆಯನ್ನು ಕುಣಿದು ತೋರಿಸುತ್ತಾರಂತೆ. ಐದನೇ ಕ್ಲಾಸಿನ ಮೊಮ್ಮಗಳು ಅಲ್ಲಿಂದ ತಂದ ಮರದ ಬೆಕ್ಕನ್ನು ನನ್ನ ಮುಂದಿಟ್ಟು, "ತಾತ, ನಮ್ಮ ಕಡೆ ಇಂಥ ಊರು ಇಲ್ವಾ?" ಅಂದಳು.

"ಯಾಕಿಲ್ಲ ಪುಟ್ಟಿ? ಚನ್ನಪಟ್ಟಣ ಇದೆಯಲ್ಲ! ಬೆಂಗಳೂರಿಂದ ಅರವತ್ತು ಕಿಲೋಮೀಟರು."

"ನೀನು ನೋಡಿದ್ದೀಯಾ?"

ಮಕ್ಕಳೇ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಂಕಿನ ಕೆಲಸದಲ್ಲಿ ನಾಲ್ಕು ವರ್ಷ ನಾನು ಮಂಡ್ಯದಲ್ಲಿದ್ದೆ. ಶನಿವಾರ ಸಂಜೆ ಬೆಂಗಳೂರಿಗೆ, ಸೋಮವಾರ ಬೆಳಗಿನ ಜಾವ ವಾಪಸ್ಸು. ವರ್ಷಕ್ಕೆ ಐವತ್ತು ವಾರ ಅಂತ ಹಿಡಿದರೂ ನಾನೂರು ಸಲ ಚನ್ನಪಟ್ಟಣ ದಾಟಿದ್ದೇನೆ. ಒಂದು ಸಲವೂ ಇಳಿದಿರಲಿಲ್ಲ. ಬಸ್ಸಿನ ಕಿಟಕಿ ಹತ್ತಿರ ಗೊಂಬೆ ಮಾರುವವರು ಬರುತ್ತಿದ್ದರು. ಒಮ್ಮೆ ಐದು ರೂಪಾಯಿ ಹೇಳಿದ ಬುಗುರಿಯನ್ನು, ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ, ಮೂರು ರೂಪಾಯಿಗೆ ಕಿತ್ತುಕೊಂಡಿದ್ದೆ. ಗೆದ್ದೆ ಅಂತ ಮೀಸೆ ತಿರುವಿದ್ದೂ ನೆನಪಿದೆ.

ಇದನ್ನೆಲ್ಲ ಕೇಳಿ ಪುಟ್ಟಿ, "ಹಾಗಾದ್ರೆ ಈ ಭಾನುವಾರ ಹೋಗೋಣ" ಅಂದಳು.

ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕೆಂಗೇರಿಗೆ ಹೋದೆವು. ಅಲ್ಲಿಂದ ಆಟೊ ಹಿಡಿದು ರೈಲು ನಿಲ್ದಾಣ ತಲುಪಿ ಪ್ಯಾಸೆಂಜರ್ ರೈಲು ಹತ್ತಿದೆವು. (ರೈಲು ಬೇಡ ಅನ್ನುವವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಬಸ್ಸಿದೆ. ಊರೊಳಗೆ ಹೋಗುವ ಬಸ್ಸೇ ಅಂತ ಕೇಳಿಕೊಂಡು ಹತ್ತಬೇಕು.) ಹೆಜ್ಜಾಲ, ಬಿಡದಿ ದಾಟಿದ ಮೇಲೆ ರಾಮನಗರದ ಬಂಡೆ ಬೆಟ್ಟಗಳು ಕಾಣುತ್ತವೆ. 1975ರ 'ಶೋಲೆ' ಸಿನಿಮಾ ತೆಗೆದದ್ದು ಅಲ್ಲೇ ಅಂದೆ. "ಯಾವ ಸಿನಿಮಾ ಅದು?" ಅಂದಳು ಪುಟ್ಟಿ. ಅಜ್ಜಿ ನಕ್ಕೂ ನಕ್ಕೂ ಸುಸ್ತಾದಳು. ರಾಮನಗರ ಆದ ಮೇಲೆ ಬರುವುದೇ ಚನ್ನಪಟ್ಟಣ.

ಕಲಾನಗರದ ಕಡೆ ವಿಚಾರಿಸಿಕೊಂಡು ಹೋದೆವು. ಮನೆಯ ಮುಂದಿನ ಕೋಣೆಯಲ್ಲೇ ಕಾರ್ಖಾನೆ. ಒಬ್ಬ ಹಿರಿಯರು ನನ್ನ ವಯಸ್ಸನ್ನು ನೋಡಿ ಸ್ಟೂಲು ಕೊಟ್ಟರು, ಪುಟ್ಟಿಯನ್ನು ನೋಡಿ ಲೇತ್ ಶುರು ಮಾಡಿದರು.

ಬೇಕಾದದ್ದು ಹಾಲೆ ಮರ. ದಂತದ ಹಾಗೆ ಬಿಳಿ, ಹಗುರ. ಕಡಿದು ಕೆಲವು ತಿಂಗಳು ಒಣಗಿಸಿಡುತ್ತಾರೆ. ಹಸಿ ಇದ್ದರೆ ಆಮೇಲೆ ಬಿರುಕು ಬಿಡುತ್ತದೆ. ಒಣಗಿದ ತುಂಡು ಲೇತಿನಲ್ಲಿ ಗರಗರ ತಿರುಗುವಾಗ ಉಳಿ ಹಿಡಿದರೆ ಸುರುಳಿ ಸುರುಳಿ ಹೊಟ್ಟು ಹಾರಿ, ಎರಡೇ ನಿಮಿಷದಲ್ಲಿ ಬುಗುರಿಯ ಹೊಟ್ಟೆ, ಮೂತಿ ಎರಡೂ ಬಂದವು.

ಬಣ್ಣ ಹಾಕುವುದಕ್ಕೆ ಕುಂಚವೇ ಇಲ್ಲ! ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡಿಕೊಳ್ಳುತ್ತದೆ. ಕೊನೆಗೆ ತಾಳೆ ಗರಿಯಿಂದ ಒತ್ತಿ ತಿಕ್ಕಿದರೆ ಕನ್ನಡಿಯ ಹೊಳಪು. ಅರಗು ಅಂದರೆ ಏನು ಗೊತ್ತೆ? ಮುತ್ತುಗದಂಥ ಮರಗಳ ಕೊಂಬೆಗೆ ಅಂಟಿಕೊಂಡು ಬದುಕುವ ಪುಟ್ಟ ಹುಳು ಸುರಿಸುವ ಅಂಟು. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ. ಹೀಗೆ ಗಿಡಮೂಲಿಕೆ ಬಣ್ಣದಲ್ಲಿ ಮಾಡಿದ್ದಾದರೆ ಹಲ್ಲು ಬರುವ ಕೂಸು ಗಿಲಕಿಯನ್ನು ಬಾಯಿಗಿಟ್ಟರೂ ಅಮ್ಮ ಹೆದರಬೇಕಿಲ್ಲ. ಕೊಳ್ಳುವಾಗ ಯಾವ ಬಣ್ಣ ಅಂತ ಕೇಳಿಕೊಳ್ಳಿ.

ಈ ವಿದ್ಯೆಗೆ ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂದು ಊರಿನವರು ಹೇಳುತ್ತಾರೆ. ಬಾವಾಸ್ ಮಿಯಾನ್ ಎಂಬ ಹಿರಿಯರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದು ನೆನೆಯುತ್ತಾರೆ. ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಅಂದರೆ ಬೇರೆಲ್ಲೋ ಮಾಡಿದ ಗೊಂಬೆಗೆ ಈ ಊರಿನ ಹೆಸರು ಅಂಟಿಸುವಂತಿಲ್ಲ.

"ವ್ಯಾಪಾರ ಹೇಗಿದೆ?" ಅಂದೆ.

"ಮೊದಲು ಮೈಸೂರಿಗೆ ಹೋಗೋರೆಲ್ಲ ಅಂಗಡಿ ಮುಂದೇನೇ ಹೋಗ್ತಿದ್ರು ಸಾರ್. ಮಗು ಅತ್ತರೆ ಸಾಕು, ಕಾರು ನಿಲ್ಲೋದು. ಈಗ ಎಲ್ಲ ಹೊಸ ರೋಡಲ್ಲಿ ಹೋಗಿಬಿಡ್ತಾರೆ."

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ದಾರಿ ಬೇಗ ಸಾಗುತ್ತದೆ, ಸಂತೋಷವೇ. ಆದರೆ ಹಳೆ ರಸ್ತೆಯ ಬದಿಯಲ್ಲಿ ಮರದ ಕುದುರೆ, ಆನೆ, ರೈಲುಬಂಡಿ ಸಾಲಾಗಿ ಜೋಡಿಸಿಟ್ಟು ಕೂತವರಿಗೆ ಆ ಮಗುವಿನ ಅಳುವೇ ಕೇಳಿಸದಂತಾಯಿತು. ಬಾಲಿಗೆ ಹೋದವರು ಉಬುದ್ ಹುಡುಕಿಕೊಂಡು ಹೋಗುತ್ತಾರೆ. ಚನ್ನಪಟ್ಟಣಕ್ಕೂ ಇನ್ನು ಹಾಗೆ ಹುಡುಕಿಕೊಂಡೇ ಹೋಗಬೇಕು. ದಾರಿಯಲ್ಲಿ ತಾನಾಗಿ ಸಿಗುವ ಕಾಲ ಹೋಯಿತು.

ಪುಟ್ಟಿ ಒಂದು ಬುಗುರಿ ಆರಿಸಿದಳು. ಬೆಲೆ ಕೇಳಿದೆ, ಹೇಳಿದರು. ಹಳೆ ಚಾಳಿ, ಚೌಕಾಸಿಗೆ ಬಾಯಿ ತೆರೆದೆ. ಅಷ್ಟರಲ್ಲಿ ಆ ಹಿರಿಯರ ಬೆರಳುಗಳು ಕಣ್ಣಿಗೆ ಬಿದ್ದವು. ತುದಿಯೆಲ್ಲ ಅರಗಿನ ಬಣ್ಣ, ಹೆಬ್ಬೆರಳಿನಲ್ಲಿ ಉಳಿಯ ಹಳೆಯ ಗಾಯ. ಸುಮ್ಮನೆ ಕೇಳಿದಷ್ಟು ಕೊಟ್ಟೆ. ಆ ಹಳೆಯ ಎರಡು ರೂಪಾಯಿ ಯಾರಿಗೆ ಕೊಡಬೇಕಿತ್ತೋ, ಅವರು ಈಗ ಎಲ್ಲಿದ್ದಾರೋ.

ವಾಪಸ್ಸು ಬರುವಾಗ ರಾಮನಗರದ ಹತ್ತಿರ ಜಾನಪದ ಲೋಕದಲ್ಲಿ ಇಳಿದೆವು. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿ ಕಟ್ಟಿದ ಲೋಕ ಅದು. ನೇಗಿಲು, ಬೀಸುಕಲ್ಲು, ತೊಗಲುಗೊಂಬೆ, ಯಕ್ಷಗಾನದ ವೇಷ ಎಲ್ಲ ಇವೆ. ಒನಕೆ ಕಂಡ ಕೂಡಲೇ ಅಜ್ಜಿ ಪಾಠ ಶುರು ಮಾಡಿದಳು. ಬಿಡುವು ಇಟ್ಟುಕೊಂಡು ಹೋಗಿ, ರಜೆಯ ದಿನ ಯಾವುದು ಅಂತ ಮೊದಲೇ ವಿಚಾರಿಸಿ.

ಈಗ ನಮ್ಮ ಶೋಕೇಸಿನಲ್ಲಿ ಬಾಲಿಯ ಬೆಕ್ಕು ಕೂತಿದೆ. ಅದರ ಪಕ್ಕ ಬುಗುರಿಗೆಂದು ಜಾಗ ಮಾಡಿದೆವು, ಆದರೆ ಅದು ಅಲ್ಲಿ ಇರುವುದೇ ಇಲ್ಲ. ಸಂಜೆ ಐದಾದರೆ ಪುಟ್ಟಿಯ ಜೊತೆ ಪಾರ್ಕಿಗೆ ಹೋಗಿರುತ್ತದೆ. ಚಾಟಿ ಸುತ್ತುವುದನ್ನು ಅವಳಿಗೆ ಕಲಿಸಿದವನು ನಾನೇ. ನಿಮ್ಮ ತಾತನಿಗೂ ಬರುತ್ತದೆ, ಕೇಳಿ ನೋಡಿ.