ಬಿಸಿ ಬಟ್ಟಲಿಗಿಂತ ನೀರು ಮುಖ್ಯ ಕಣ್ರೀ!

ಬ್ರಷ್ಷು, ಸೋಪು ಹಿಡಿದು ಗಡ್ಡ ಹೆರೆಯೋ ನಮ್ಮಂಥವರಿಗೆ ಡಿಸೆಂಬರ್ ಬಂತೆಂದರೆ ಒಂದೇ ಆಸೆ: ನೊರೆ ಬಿಸಿಬಿಸಿ ಇರಬೇಕು. ಅದಕ್ಕೆಂದೇ ಜೋಡಿಗೋಡೆಯ ಪಿಂಗಾಣಿ ಬಟ್ಟಲುಗಳಿವೆ. ಗೋಡೆಗಳ ನಡುವೆ ಬಿಸಿನೀರು, ಒಳಗೆ ನೊರೆ. ಕರೆಂಟಿನಲ್ಲಿ ಕಾಯುವಂಥವೂ ಇವೆ.

ಸುಖ ಇದೆ, ಇಲ್ಲ ಅನ್ನಲ್ಲ. ಆದರೆ ಅದರಿಂದ ಶೇವ್ ನುಣ್ಣಗಾಗುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ನೊರೆಯಲ್ಲಿ ಬಹುಪಾಲು ಬರೀ ಗಾಳಿ. ಕೆನ್ನೆಗೆ ತಾಗಿದ ಸ್ವಲ್ಪ ಹೊತ್ತಿಗೇ ಬಿಸಿ ಮಾಯ. ಗಡ್ಡವನ್ನ ಮೆತ್ತಗೆ ಮಾಡೋದು ನೀರು. ಕೂದಲು ನೀರು ಕುಡಿದು ಉಬ್ಬಿದರೆ ಬ್ಲೇಡಿಗೆ ಕೆಲಸ ಹಗುರ. ಹಾಗಾಗಿ ಮೊದಲು ಎರಡು-ಮೂರು ನಿಮಿಷ ಬೆಚ್ಚನೆ ನೀರಲ್ಲಿ ಮುಖ ನೆನೆಸಿ, ಅಷ್ಟೇ.

ನಮ್ಮ ದಕ್ಷಿಣ ಬೆಂಗಳೂರಿನ ನಿಜವಾದ ತಲೆನೋವು ಬೇರೆಯೇ. ಅದೇ ಸೋಪು, ಅದೇ ಬ್ರಷ್ಷು. ಜಯನಗರದ ಅಕ್ಕನ ಮನೆಯ ಕಾವೇರಿ ನೀರಲ್ಲಿ ಮೊಸರಿನಂತೆ ಗಟ್ಟಿ ನೊರೆ, ಬಿಟಿಎಂನ ನನ್ನ ರೂಮಿನ ಬೋರ್‌ವೆಲ್ ನೀರಲ್ಲಿ ಒಡೆದ ಹಾಲು! ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಜಿಡ್ಡಾಗಿಬಿಡುತ್ತವೆ. ಎಷ್ಟು ಸಾವಿರದ ಬಟ್ಟಲು ತಂದರೂ ಇದಕ್ಕೆ ಮದ್ದಿಲ್ಲ.

ಮದ್ದು ಅಡುಗೆಮನೆಯಲ್ಲಿದೆ. ನೊರೆಗೆ ಬೇಕಾಗೋದು ನಾಲ್ಕೈದು ಚಮಚ ನೀರು. ಕುಡಿಯೋ ಆರ್‌ಓ ನೀರನ್ನೇ ತಗೊಳ್ಳಿ. ಕಾಫಿ ದವರಕ್ಕೆ ಬಿಸಿನೀರು ಹಾಕಿ, ಅದರಲ್ಲಿ ಪುಟ್ಟ ಸ್ಟೀಲ್ ಬಟ್ಟಲು ಇಟ್ಟು ನೊರೆ ಕಡೆಯಿರಿ. ಬಿಸಿ ಬಟ್ಟಲೂ ಆಯ್ತು, ಖರ್ಚು ಸೊನ್ನೆ :)

ಇನ್ನೊಂದು ಮಾತು. ಕಾವೇರಿ ನಮ್ಮ ನಲ್ಲಿಗೆ ಸುಮ್ಮನೆ ಹರಿದು ಬರಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಬೇಕು. 2024ರ ಮಾರ್ಚಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದ್ದು ನೆನಪಿದೆಯಲ್ಲ? ನಿಮಿಷಕ್ಕೆ 6 ಲೀಟರ್ ಸುರಿಯೋ ನಲ್ಲಿಯನ್ನ 5 ನಿಮಿಷ ಬಿಟ್ಟು ಶೇವ್ ಮಾಡಿದರೆ 30 ಲೀಟರ್ ಮೋರಿ ಪಾಲು. ರೇಜರ್ ಅದ್ದಿ ತೊಳೆಯೋಕೆ ಒಂದು ಮಗ್ ಧಾರಾಳ ಸಾಕು.

ಬಟ್ಟಲಿಗೆ ಎತ್ತಿಟ್ಟ ದುಡ್ಡಲ್ಲಿ ಒಳ್ಳೇ ಬ್ರಷ್ ತಗೊಳ್ಳಿ ಅನ್ನೋದು ನನ್ನ ಸಲಹೆ. ನಿಮ್ಮ ಏರಿಯಾದ ನೀರಲ್ಲಿ ನೊರೆ ಹೇಗೆ ಬರುತ್ತೆ? ಹೇಳಿ, ನೋಡೋಣ.