ಅಂಗಕ್ಕೆ ಬೆಲೆ ಕಟ್ಟುವವರು

ನಲವತ್ತರ ಹರೆಯದ ರೈಲ್ವೆ ಹಳಿ ಕಾರ್ಮಿಕನೊಬ್ಬ ಕೆಲಸದ ವೇಳೆ ಹೆಬ್ಬೆರಳು ಕಳೆದುಕೊಂಡನೆಂದು ಭಾವಿಸೋಣ. 1923ರ ನಷ್ಟ ಪರಿಹಾರ ಕಾಯ್ದೆಯ ಪಟ್ಟಿಯಂತೆ ಹೆಬ್ಬೆರಳಿಗೆ ಶೇ. 30, ಒಂದು ಕೈಯ ನಾಲ್ಕು ಬೆರಳುಗಳಿಗೆ ಶೇ. 50, ಎರಡೂ ಕೈಗಳಿಗೆ ಶೇ. 100. ತಿಂಗಳ ವೇತನದ ಶೇ. 60ನ್ನು ವಯಸ್ಸಿಗೆ ನಿಗದಿಯಾದ ಸಂಖ್ಯೆಯಿಂದ (ನಲವತ್ತಕ್ಕೆ 184.17) ಗುಣಿಸಿ, ಅದರಲ್ಲಿ ಈ ಪಾಲನ್ನು ಕೊಡಬೇಕು. ಆದರೆ 2020ರ ಜನವರಿಯ ಅಧಿಸೂಚನೆಯು ಲೆಕ್ಕಕ್ಕೆ ಹಿಡಿದ ಗರಿಷ್ಠ ವೇತನ 15,000 ರೂಪಾಯಿ. ಕಾರ್ಮಿಕನ ನಿಜವಾದ ವೇತನ 40,000 ಇದ್ದರೂ ಆ ಲೆಕ್ಕದಲ್ಲಿ ದೊರೆಯುವುದು 4,97,259 ರೂಪಾಯಿ. ವೇತನ ಕೊಡುವ ಸರಕಾರಕ್ಕೇ ಆ ವೇತನ ಕಾಣಿಸದಿರುವುದು ವಿಚಿತ್ರವಲ್ಲವೇ?

ಇದಕ್ಕಿಂತಲೂ ಗಂಭೀರವಾದ ದೋಷವೊಂದಿದೆ. ಪಟ್ಟಿಯು ಅಂಗವನ್ನು ಅಳೆಯುತ್ತದೆ, ದುಡಿಮೆಯನ್ನಲ್ಲ. ಕಚೇರಿಯಲ್ಲಿ ಕಡತ ನೋಡುವವನಿಗೂ ಸುತ್ತಿಗೆ ಹಿಡಿಯುವವನಿಗೂ ಹೆಬ್ಬೆರಳಿನ ನಷ್ಟ ಒಂದೇ ಆಗುವುದು ಹೇಗೆ? 1975ರಲ್ಲಿ ಸುಪ್ರೀಮ್ ಕೋರ್ಟು, ಎಡತೋಳು ಕಳೆದುಕೊಂಡ ಬಡಗಿಯ ಗಳಿಕೆಯ ಸಾಮರ್ಥ್ಯವು ಸಂಪೂರ್ಣ ನಷ್ಟವಾಗಿದೆಯೆಂಬ ತೀರ್ಮಾನವನ್ನು ಎತ್ತಿ ಹಿಡಿಯಿತು. ಒಂದೇ ಕೈಯಿಂದ ಬಡಗಿತನ ಸಾಧ್ಯವಿಲ್ಲ ಎಂಬ ಸರಳ ಸತ್ಯವೇ ಅದಕ್ಕೆ ಆಧಾರ.

2025ರ ನವೆಂಬರ್ 21ರಂದು ಹಳೆಯ ಕಾಯ್ದೆಯ ಸ್ಥಾನಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಂಗಗಳ ಪಟ್ಟಿ ಅದರಲ್ಲಿಯೂ ಇದೆ. ಪಟ್ಟಿಯಲ್ಲಿಲ್ಲದ ಗಾಯಗಳ ನಷ್ಟವನ್ನು ವೈದ್ಯರೇ ಅಂದಾಜು ಮಾಡಬೇಕಾಗಿರುವುದರಿಂದ, ಗಾಯಾಳುವು ಯಾವ ಕೆಲಸ ಮಾಡುತ್ತಿದ್ದನು, ಇನ್ನು ಮುಂದೆ ಅದರಲ್ಲಿ ಯಾವುದು ಅಸಾಧ್ಯ ಎಂಬುದನ್ನು ಪ್ರಮಾಣ ಪತ್ರದಲ್ಲಿ ಬರೆಸಿಕೊಳ್ಳುವಂತೆ ಕುಟುಂಬದವರು ಒತ್ತಾಯಿಸಬೇಕೆಂದು ನಾವು ಬಯಸುತ್ತೇವೆ. ಕೇವಲ ಶೇಕಡಾವಾರು ಬರೆದ ಚೀಟಿಯನ್ನು ಹಿಡಿದು ಮನೆಗೆ ಮರಳಬಾರದು.